ಬಾಲವಿದ್ದದ್ದು, ಬಾಲವಿಲ್ಲದ್ದು

ತೊಳೆಯುವ ಕೋಣೆಯಿಂದ,
ಗುರುವಾರ, ಹನ್ನೆರಡನೇ ತಾರೀಕು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ತಂಗೀ,

ಹೇಗಿದ್ದೀಯ? ಆ ದೊಡ್ಡ ಯಂತ್ರದ ಕಟ್ಟಡದೊಳಗೆ ಚಳಿ ಜಾಸ್ತಿ ಎಂದು ಹೋದ ದಿನವೇ ಹೇಳಿದ್ದೆ. ಕಿವಿಗೆ ಏನಾದರೂ ಸುತ್ತಿಕೊಳ್ಳುತ್ತೀಯೋ ಇಲ್ಲವೋ? ಕೆಮ್ಮು ಬಂದರೆ ಅಸಡ್ಡೆ ಮಾಡಬೇಡ. ಮಂಚ ಕಿಟಕಿಯ ಪಕ್ಕ ಇದ್ದರೆ ಸರಿಸಿ ಹಾಕಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ಯಂತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಎಲ್ಲ ಎಂದರೆ ನಾನು ಮತ್ತು ನಿನ್ನ ಅತ್ತಿಗೆ, ಇಬ್ಬರೇ. ಅದರಲ್ಲೂ ಚೆನ್ನಾಗಿರುವವಳು ಅವಳೊಬ್ಬಳೇ. ಈ ಕಾಗದ ಯಾಕೆ ಎಂದು ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ಒಂದು ಸಲ ಪ್ರೊಫೆಸರ್ ಮೇಡಂ ನನ್ನ ಪಕ್ಕದಲ್ಲೇ ನಿಂತಿದ್ದರು. ಇನ್ನೊಂದು ಸಲ ನಿನ್ನ ಫೋನು ಯಂತ್ರದ ಕಟ್ಟಡದ ಹೊರಗಿನ ಪೆಟ್ಟಿಗೆಯಲ್ಲಿತ್ತು. ಮೂರನೇ ಸಲ ನೀನೇ ಎತ್ತಿಕೊಂಡೆ, ಸ್ನಾನಕ್ಕೆ ಬಿಸಿನೀರು ಸಿಗುತ್ತದಾ ಎಂದು ಕೇಳಿ ಇಟ್ಟುಬಿಟ್ಟೆ. ‘ಚಿಂತೇನ ಕಾಗದದಲ್ಲಿ ಬರಿ ಅಣ್ಣಾ, ಬರೆದು ಮುಗಿಸೋಷ್ಟರಲ್ಲಿ ಅರ್ಧ ಕರಗಿರುತ್ತೆ’ ಎಂದು ನೀನೇ ಒಮ್ಮೆ ಹೇಳಿದ್ದೆಯಲ್ಲ. ನಾಳೆ ಬೆಳಿಗ್ಗೆ ನಮ್ಮ ಡ್ರೈವರ್ ನಿನಗೆ ಮಂಜಿನ ಪೆಟ್ಟಿಗೆ ತರುತ್ತಾನೆ. ಅವನ ಜೇಬಿನಲ್ಲಿ ಇದೂ ಬರುತ್ತದೆ.

ನಿನ್ನೆ ಒಂದು ಕೆಟ್ಟ ಕನಸು ಬಿತ್ತು. ಊಟವಾದ ಮೇಲೆ ಗಾಜು ಒಣಗಿಸುವ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ, ಆ ಬಿಸಿಗೆ ಕಣ್ಣು ಎಳೆದುಕೊಂಡು ಹೋಯಿತು. ಅಮ್ಮ ಈ ತೊಳೆಯುವ ಕೋಣೆಗೇ ಬಂದಿದ್ದಳು. ಅದೇ ಎರಡು ಕಬ್ಬಿಣದ ಬಕೆಟ್ಟು ಮುಂದಿಟ್ಟುಕೊಂಡು ಹಿಡಿ ಸವರುತ್ತಿದ್ದಳು. ಇದರದ್ದು ಸವರುತ್ತಾಳೆ, ಅದರದ್ದು ಸವರುತ್ತಾಳೆ, ಮತ್ತೆ ಇದರದ್ದು. ಗುರುತಿಗೆ ಕಟ್ಟಿದ್ದ ದಾರ ಸಿಗುತ್ತಿಲ್ಲ. ನನ್ನ ಕಡೆ ತಿರುಗಿ ‘ಯಾವುದೋ ಕುಡಿಯೋದು?’ ಎಂದಳು. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲೂ ಧೈರ್ಯ ಸಾಲದೆ ಒಂದರ ಕಡೆ ಕೈ ತೋರಿಸಿದೆ. ಅವಳು ನನ್ನನ್ನು ನಂಬಿ ಲೋಟ ಅದ್ದಿದಳು. ಅಷ್ಟರಲ್ಲಿ ಒಲೆಯ ಗಂಟೆ ಹೊಡೆದು ಎಚ್ಚರವಾಯಿತು. ತಂಗೀ, ಸುತ್ತಿ ಬಳಸಿ ಹೇಳುವುದಿಲ್ಲ. ನೀನು ಊರಿಗೆಲ್ಲ ಹೇಳಲು ಹೊರಟಿರುವ ಆ ಹೊಸ ಸಂಗತಿ ನನ್ನ ಕೈಯಿಂದ ಕೆಟ್ಟಿದೆಯೇನೋ ಎಂಬ ಭಯ ನನಗೆ. ಹೇಳುತ್ತೇನೆ, ಸ್ವಲ್ಪ ತಡಿ. ಒಂದೇ ಉಸಿರಿಗೆ ಹೇಳುವ ಶಕ್ತಿ ಇಲ್ಲ.

ಮನೆಯ ಸುದ್ದಿ ಏನೂ ಇಲ್ಲ. ಅಡುಗೆಮನೆಯ ನಲ್ಲಿ ಈಗ ತೊಟ್ಟಿಕ್ಕುವುದಿಲ್ಲ. ತೊಟ್ಟಿಕ್ಕುವ ಸದ್ದು ನಿಂತದ್ದಕ್ಕೆ ನೀರೇ ನಿಂತಿತೇನೋ ಎಂದು ಎರಡು ಸಲ ಎದ್ದು ಹೋಗಿ ನೋಡಿದೆ. ನಿನ್ನ ಅತ್ತಿಗೆ, ‘ನಿಮಗೆ ಚಿಂತೆ ಇಲ್ಲದ ದಿನ, ಚಿಂತೆ ಯಾಕಿಲ್ಲ ಅನ್ನೋದೇ ಒಂದು ಚಿಂತೆ’ ಎಂದಳು. ಹೋದ ವಾರ ಸೀಸೆ ತೊಳೆಯುವ ಬ್ರಷ್ಷಿಗೆ ಒಂದು ದಾರ ಸಿಕ್ಕಿಕೊಂಡಿತ್ತು. ನನ್ನ ಸ್ವೆಟರಿನ ತೋಳು ಬಿಚ್ಚಿಕೊಳ್ಳುತ್ತಿದೆ, ಹೊಲಿದು ಕೊಡು ಎಂದು ತಂದು ಕೊಟ್ಟೆ. ಅವಳು ತೋಳು ತಿರುಗಿಸಿ ಮುರುಗಿಸಿ ನೋಡಿ, ಎಲ್ಲೂ ಬಿಚ್ಚಿಲ್ಲ ಎಂದು ವಾಪಸ್ ನನ್ನ ಹೆಗಲ ಮೇಲೇ ಎಸೆದಳು. ನಿನ್ನನ್ನು ಬಹಳ ಕೇಳುತ್ತಾಳೆ. ನೀನು ಕಾರಿಡಾರಿನಲ್ಲಿ ಬಂದರೆ ನಾನು ‘ನಮಸ್ಕಾರ ಮೇಡಂ’ ಎನ್ನುವುದು, ನೀನು ಗಂಭೀರವಾಗಿ ತಲೆಯಾಡಿಸಿ ತಿರುವಿನಲ್ಲಿ ನಗುವುದು, ಇದನ್ನೆಲ್ಲ ಅವಳಿಗೆ ಇನ್ನೊಂದು ಸಲ ಹೇಳಬೇಕಂತೆ. ನೀನಿಲ್ಲದೆ ಕಾರಿಡಾರು ಉದ್ದವಾಗಿದೆ.

ನಾನು ಏಳನೇ ಕ್ಲಾಸಿಗೆ ಬಿಟ್ಟವನು. ಆಮೇಲೆ ಸಂಜೆ ಸ್ಕೂಲಿಗೆ ಎರಡು ವರ್ಷ ಹೋಗಿ ವಿಜ್ಞಾನದಲ್ಲಿ ಫೇಲಾದವನು. ಹದಿನಾರು ವರ್ಷ ವಿಜ್ಞಾನದ ಎಂಜಲು ಗಾಜು ತೊಳೆದೆನೇ ಹೊರತು ಅದರೊಳಗೆ ಏನಿತ್ತು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀನು ಇದೇ ಕಟ್ಟಡಕ್ಕೆ ಮುಂಬಾಗಿಲಿನಿಂದ ಬಂದ ಮೇಲೆ ತಾನೇ ನನಗೆ ಕಣ್ಣು ಬಂದದ್ದು? ಆ ದಿನ ಈ ಮೇಜಿನ ಮೇಲೇ ಕೂತು ಕಾಲಾಡಿಸುತ್ತಾ ಹೇಳಿದೆ. ನಮ್ಮ ಮೈಯ ಒಂದೊಂದು ಕಣದಲ್ಲೂ ಕಿಣ್ವ ಎಂಬ ಕೆಲಸಗಾರರು ಇದ್ದಾರೆ, ಉಂಡದ್ದನ್ನು ಒಡೆಯುವವರು ಕೆಲವರು, ಬೇಕಾದದ್ದನ್ನು ಕಟ್ಟುವವರು ಕೆಲವರು. ಬಹಳ ಜನಕ್ಕೆ ಬರಿಗೈಯಲ್ಲಿ ಕೆಲಸವಾಗುವುದಿಲ್ಲ, ಕೈಗೊಂದು ಜೊತೆಗಾರ ಬೇಕು. ಆ ಜೊತೆಗಾರರಲ್ಲಿ ಇಬ್ಬರು ಅವಳಿ ಜವಳಿ. ಒಬ್ಬನಿಗೆ ಫಾಸ್ಫೇಟಿನದೊಂದು ಬಾಲವಿದೆ, ಇನ್ನೊಬ್ಬನಿಗಿಲ್ಲ. ಬೇರೆ ವ್ಯತ್ಯಾಸವೇ ಇಲ್ಲ. ಒಡೆಯುವ ಕೆಲಸಕ್ಕೆ ಹೆಚ್ಚಾಗಿ ಬಾಲವಿಲ್ಲದ್ದು, ಕಟ್ಟುವ ಕೆಲಸಕ್ಕೆ ಹೆಚ್ಚಾಗಿ ಬಾಲವಿದ್ದದ್ದು. ಅಷ್ಟೊಂದು ಸಣ್ಣ ವ್ಯತ್ಯಾಸ ಯಾತಕ್ಕೆ ಎಂದು ನಾನು ಕೇಳಿದೆ. ನೀನು, ‘ಅಮ್ಮನ ಬಕೆಟ್ಟು ಮರೆತುಹೋಯ್ತಾ? ಎರಡೂ ಒಂದೇ ಥರ. ಕುಡಿಯೋ ನೀರಿಂದಕ್ಕೆ ಮಾತ್ರ ಹಿಡಿಗೆ ಬಿಳಿ ದಾರ. ಯಾತಕ್ಕೆ ಕಟ್ಟಿದ್ಲು ಹೇಳು?’ ಎಂದೆ. ನೆಲ ಒರೆಸುವ ನೀರೂ ಕುಡಿಯುವ ನೀರೂ ಬೆರೆಯಬಾರದು ಎಂದು. ಕಣ್ಣು ಮಂಜಾಗಿದ್ದರೂ ಕೈಗೆ ತಿಳಿಯಲಿ ಎಂದು. ಅಲ್ಲಿಗೆ ನನ್ನ ತಲೆಯೊಳಗೆ ದೀಪ ಹತ್ತಿತು. ಸೂಜಿಮೊನೆಯಲ್ಲಿ ಲೆಕ್ಕವಿಲ್ಲದಷ್ಟು ಹಿಡಿಸುವ ಆ ಕಿಣ್ವಕ್ಕೂ ನಮ್ಮ ಅಮ್ಮನಿಗೂ ಒಂದೇ ಉಪಾಯ ಹೊಳೆದಿದೆ!

ಆಮೇಲೆ ನೀನು ಮಣಿಸರ ತಂದು ತೋರಿಸಿದೆ. ನೀನು ನೋಡುತ್ತಿರುವ ಈ ಮನೆತನದ ಒಂದೊಂದು ಕಿಣ್ವವೂ ಮುನ್ನೂರು ಚಿಲ್ಲರೆ ಮಣಿಗಳ ಸರ. ಯಾರೂ ಮಡಿಸದೆ, ನೀರಿನಲ್ಲಿ ತಾನಾಗಿಯೇ ಸುತ್ತಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರದ ನಡುವೆ ಒಂದು ಜೇಬು. ಆ ಜೇಬಿನ ತುದಿಯಲ್ಲಿ ಒಂದೆರಡು ಮಣಿ ಬಾಲವನ್ನು ತಡವಿ ನೋಡುತ್ತವೆ. ಅಲ್ಲಿ ಬಾಲವನ್ನು ಎಳೆದುಕೊಳ್ಳುವ ಮಣಿ ಇದ್ದರೆ ಬಾಲವಿದ್ದದ್ದೇ ಬೇಕು, ದೂರ ತಳ್ಳುವ ಮಣಿ ಇದ್ದರೆ ಬಾಲವಿಲ್ಲದ್ದೇ ಆಗಬೇಕು. ಮುನ್ನೂರರಲ್ಲಿ ಒಂದೆರಡು ಮಣಿ! ಮಿಕ್ಕ ಆಕಾರ ಹಾಗೇ ಉಳಿದುಕೊಂಡು ಬಂದಿದೆ, ಮಣ್ಣಿನ ಸೂಕ್ಷ್ಮಜೀವಿಯಲ್ಲಿ, ಎಲೆಯಲ್ಲಿ, ನಮ್ಮ ಯಕೃತ್ತಿನಲ್ಲಿ. ನೀನು ಮೂರರ ಚಿತ್ರವನ್ನೂ ತೆಳು ಹಾಳೆಯ ಮೇಲೆ ಬರೆದು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದೆ. ಒಂದೇ ಮನೆಯವರ ಮೂಗಿನ ಹಾಗೆ ಗೆರೆಯ ಮೇಲೆ ಗೆರೆ ಕೂತವು. ನನಗೆ ಅವತ್ತು ಊಟ ಸೇರಲಿಲ್ಲ. ನನ್ನ ಹೊಟ್ಟೆಯೊಳಗೆ ಕೂತು ಅನ್ನ ಅರಗಿಸುವವನಿಗೆ, ಹೊರಗೆ ಗೋಡೆ ಸಂದಿಯಲ್ಲಿ ಹುಟ್ಟಿದ ಹುಲ್ಲಿನೊಳಗೆ ಒಬ್ಬ ದಾಯಾದಿ ಇದ್ದಾನೆ ಎಂದರೆ ಆ ಹುಲ್ಲನ್ನು ಕಿತ್ತು ಬಿಸಾಡುವುದು ಹೇಗೆ? ಇವತ್ತಿಗೂ ಕಿತ್ತಿಲ್ಲ. ಮೊಣಕಾಲುದ್ದ ಬೆಳೆದಿದೆ, ವಾಚ್‌ಮನ್ ಬೈಯುತ್ತಾನೆ.

ಇನ್ನು ಅಜ್ಜಿಯ ವಿಷಯ. ಈಗಿನ ಕಿಣ್ವಗಳ, ಅಂದರೆ ಮೊಮ್ಮಕ್ಕಳ, ಸರಗಳನ್ನೆಲ್ಲ ಸಾಲಾಗಿ ಇಟ್ಟು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅವರೆಲ್ಲರ ಮೂಲದ ಅಜ್ಜಿಯ ಸರ ಹೀಗಿದ್ದಿರಬೇಕು ಎಂದು ಮಣಿ ಮಣಿಯಾಗಿ ಊಹಿಸಿದಿರಿ. ಆ ಊಹೆಯನ್ನು ಒಂದು ಸಾಧು ಬ್ಯಾಕ್ಟೀರಿಯಾಕ್ಕೆ ಕೊಟ್ಟು ಅದರಿಂದಲೇ ಮಾಡಿಸಿದಿರಿ. ಕಣ್ಣು ಎಂಬುದೇ ಭೂಮಿಯ ಮೇಲೆ ಇಲ್ಲದಿದ್ದ ಕಾಲದ ಕೆಲಸಗಾರ್ತಿ ಈ ಕಟ್ಟಡದ ಎರಡನೇ ಮಹಡಿಯಲ್ಲಿ ಮತ್ತೆ ಎದ್ದು ಕೂತಳು. ಎಲ್ಲರೂ ಅವಳನ್ನು ಅಜ್ಜಿ ಎಂದೇ ಕರೆಯುತ್ತೀರಿ; ‘ಅಜ್ಜಿ ಇವತ್ತು ಹೇಗಿದಾರೆ?’ ಎಂದು ಪ್ರೊಫೆಸರ್ ಮೇಡಂ ಕೂಡ ಕೇಳುತ್ತಾರೆ. ಮೊಮ್ಮಕ್ಕಳು ಹಟಮಾರಿಗಳು: ಒಬ್ಬಳಿಗೆ ಬಾಲ ಬೇಕೇ ಬೇಕು, ಇನ್ನೊಬ್ಬಳಿಗೆ ಕೂಡದೇ ಕೂಡದು. ಅಜ್ಜಿ ಹೇಗಿದ್ದಳು? ನಾಲ್ಕು ವರ್ಷದಿಂದ ನಿನ್ನದು ಇದೊಂದೇ ಪ್ರಶ್ನೆ. ಅಜ್ಜಿಯದೂ ಬಾಲವಿಲ್ಲದ್ದೇ ಎಂದು ಮೇಡಂ, ನೋಡದೆ ಹೇಳಲ್ಲ ಎಂದು ನೀನು. ಹೋದ ಗುರುವಾರ ನೀನು ಓಡಿಬಂದೆ, ಕೈಗವಸು ಕೂಡ ಕಳಚಿರಲಿಲ್ಲ. ‘ಅಣ್ಣಾ, ಅಜ್ಜಿ ಎರಡನ್ನೂ ತಗೊಂಡ್ಳು. ಅವಳಿಗೆ ಭೇದವೇ ಇರಲಿಲ್ಲ’ ಎಂದು ಅತ್ತುಬಿಟ್ಟೆ. ಮೊದಲು ಹಟ ಇರಲಿಲ್ಲ, ಆಮೇಲೆ ಮನೆ ಎರಡಾಗಿ, ಒಂದೊಂದು ಮಣಿ ಬದಲಾಗಿ, ಒಬ್ಬೊಬ್ಬಳು ಒಂದೊಂದು ಹಟ ಕಲಿತಳು ಎಂದೆ. ನೀನು ಹೋದ ಮೇಲೆ ಆ ಕ್ಯುವೆಟ್ಟುಗಳು, ಬೆರಳುದ್ದದ ಚೌಕ ಗಾಜಿನ ಡಬ್ಬಿಗಳು, ತೊಳೆಯಲು ನನ್ನ ತಟ್ಟೆಗೆ ಬಂದವು. ಒಂದರ ತಳದಲ್ಲಿ ಎರಡು ಹನಿ ಉಳಿದಿತ್ತು. ಬೆಳಕಿಗೆ ಹಿಡಿದೆ. ಬರೀ ನೀರಿನ ಹಾಗಿತ್ತು. ಅದರೊಳಗೆ ಅಜ್ಜಿ ಇನ್ನೂ ಕೆಲಸ ಮಾಡುತ್ತಿದ್ದಾಳೋ ಏನೋ ಎನಿಸಿ ನಲ್ಲಿ ತಿರುಗಿಸಲು ಕೈ ಬರಲಿಲ್ಲ. ನಗಬೇಡ. ಹತ್ತು ನಿಮಿಷ ಹಾಗೇ ಹಿಡಿದುಕೊಂಡು ನಿಂತಿದ್ದೆ. ದೊಡ್ಡವರ ಎದುರು ನಿಲ್ಲುತ್ತೇವಲ್ಲ, ಹಾಗೆ.

ಆ ನಿಂತ ಹೊತ್ತಿನಲ್ಲೇ ನನಗೆ ಫ್ರೀಜರು ನೆನಪಾದದ್ದು.

ಕೇಳು. ಅದರ ಹಿಂದಿನ ಸೋಮವಾರ ನೀನು ಆ ಅವಳಿ ಜೊತೆಗಾರರ ಎರಡು ಪುಡಿಗಳನ್ನು ತೂಗಿ ಎಂಟು ಪುಟ್ಟ ಸೀಸೆಗೆ ತುಂಬಿದೆ, ಬಾಲವಿದ್ದದ್ದು ನಾಲ್ಕು, ಬಾಲವಿಲ್ಲದ್ದು ನಾಲ್ಕು. ಚೀಟಿ ಅಂಟಿಸಿ ಫ್ರೀಜರಿನಲ್ಲಿಟ್ಟೆ. ಮಂಗಳವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಫ್ರೀಜರಿನ ಪ್ಲಗ್ಗು ಸಡಿಲಾಗಿ ಒಳಗಿನ ಮಂಜು ಕರಗತೊಡಗಿತ್ತು. ಪುಡಿಗೆ ಏನೂ ಆಗಿರಲಿಲ್ಲ, ಮುಚ್ಚಳ ಬಿಗಿಯಾಗಿತ್ತು, ಸೀಸೆಗಳೂ ಇನ್ನೂ ಕೈ ಕೊರೆಯುವಷ್ಟು ತಣ್ಣಗಿದ್ದವು. ಆದರೆ ಎಂಟರಲ್ಲಿ ಆರರ ಚೀಟಿ ಉದುರಿ ತಟ್ಟೆಯ ನೀರಿನಲ್ಲಿ ತೇಲುತ್ತಿದ್ದವು. ನಾನು ಏನು ಮಾಡಬೇಕಿತ್ತು? ನಿನ್ನನ್ನು ಕರೆಯಬೇಕಿತ್ತು. ಕರೆಯಲಿಲ್ಲ. ಪ್ಲಗ್ಗನ್ನು ನಾನೇ ಹಿಂದಿನ ಸಂಜೆ ನೆಲ ಒರೆಸುವಾಗ ತಾಗಿಸಿರಬಹುದು ಎಂಬ ದಿಗಿಲು. ಮೂರು ಸಲ ಎಲ್ಲ ನೋಡಿ ಬಾಗಿಲು ಹಾಕುವವನು ಆ ದಿನ ಅದೊಂದನ್ನು ನೋಡಿರಲಿಲ್ಲ. ಸೀಸೆಗಳನ್ನು ಬಟ್ಟೆಯಿಂದ ಒತ್ತಿ, ಚೀಟಿಗಳನ್ನು ಒಲೆಯ ಮೇಲೆ ಒಣಗಿಸಿ, ಯಾವುದು ಎಲ್ಲಿತ್ತು ಎಂದು ನೆನಪಿನ ಮೇಲೆ ಅಂಟಿಸಿ, ಪ್ಲಗ್ಗು ಸರಿ ಮಾಡಿ ಸುಮ್ಮನಾದೆ. ಎಡಗಡೆ ಬಾಲವಿದ್ದದ್ದು, ಬಲಗಡೆ ಬಾಲವಿಲ್ಲದ್ದು ಎಂದು ಗಟ್ಟಿಯಾಗಿ ಅಂದುಕೊಂಡಿದ್ದೆ. ಆದರೆ ಒರೆಸಲು ತಟ್ಟೆಯಿಂದ ಹೊರಗೆ ಎತ್ತಿಟ್ಟಾಗ ನಾನು ಮೇಜಿನ ಈಚೆ ನಿಂತಿದ್ದೆನೋ ಆಚೆಯೋ? ಎಷ್ಟು ಯೋಚಿಸಿದರೂ ಈಗ ಎರಡು ಕಡೆಯೂ ನಿಂತ ಹಾಗೇ ಕಾಣುತ್ತದೆ.

ಗುರುವಾರ ನೀನು ಆ ಎಂಟರಲ್ಲಿ ಎರಡನ್ನು ತೆಗೆದುಕೊಂಡೆ, ಚೀಟಿಯ ಪ್ರಕಾರ ಒಂದೊಂದು. ಆಮೇಲೆ ಇನ್ನೆರಡನ್ನು ಯಂತ್ರದ ಕಟ್ಟಡಕ್ಕೆ ಜೊತೆಗೆ ಒಯ್ದೆ. ಗುರುವಾರದ ಎರಡರಲ್ಲೂ ಇದ್ದದ್ದು ಒಂದೇ ಪುಡಿಯಾಗಿದ್ದರೆ? ಆಗ ಅಜ್ಜಿ ಎರಡನ್ನೂ ಒಪ್ಪಿಕೊಳ್ಳದೆ ಇನ್ನೇನು ಮಾಡಿಯಾಳು? ಒಂದನ್ನೇ ಎರಡು ಸಲ ಕೊಟ್ಟ ಹಾಗಾಯಿತಲ್ಲ. ಇಲ್ಲಿನ ಬೆಳಕು ಅಳೆಯುವ ಯಂತ್ರ ಹಿಡಿಯುತ್ತದೆ ಎಂದು ಸಮಾಧಾನ ಮಾಡಿಕೊಳ್ಳೋಣ ಎಂದರೆ, ‘ಕೆಲಸ ನಡೆದಾಗ ಎರಡೂ ಒಂದೇ ಬೆಳಕು ನುಂಗುತ್ತವೆ ಅಣ್ಣಾ, ಯಂತ್ರಕ್ಕೆ ಬಾಲ ಕಾಣಲ್ಲ, ಬಾಲ ಗೊತ್ತಾಗೋದು ಜೇಬಿಗೆ ಮಾತ್ರ’ ಎಂದು ನೀನೇ ಹೇಳಿದ್ದೆ. ಬಾಲ ಕಂಡುಹಿಡಿಯುವ ಹಟಮಾರಿ ಮೊಮ್ಮಗಳನ್ನು ನೀನು ಸೋಮವಾರ ಪುಡಿಗಳ ಪರೀಕ್ಷೆಗೆ ಹಚ್ಚಿದ್ದೆ, ಆಗ ಎಲ್ಲ ಸರಿಯಿತ್ತು. ಫ್ರೀಜರಿನ ಗಲಾಟೆ ನಡೆದದ್ದು ಆಮೇಲೆ. ಗುರುವಾರ ಅವಳನ್ನು ಮತ್ತೆ ಹಚ್ಚಲಿಲ್ಲ. ನನಗೆ ಹೇಗೆ ಗೊತ್ತು ಎನ್ನಬೇಡ, ಅವಳ ಹಸಿರು ಗೆರೆಯ ಕ್ಯುವೆಟ್ಟು ಆ ದಿನ ತೊಳೆಯಲು ಬರಲಿಲ್ಲ. ಮೇಲಿನ ಮಹಡಿಯಲ್ಲಿ ಯಾರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದೆಲ್ಲ ಕೊನೆಗೆ ನನ್ನ ತೊಟ್ಟಿಗೆ ಇಳಿಯುತ್ತದೆ. ಆ ಎರಡು ಸೀಸೆಗಳೂ ಖಾಲಿಯಾಗಿ ಬಂದವು. ನಾನೇ ಬ್ರಷ್ ಹಾಕಿ ತೊಳೆದು ಒಲೆಗೆ ಇಟ್ಟೆ. ಇನ್ನು ಅವು ಏನೂ ಹೇಳುವುದಿಲ್ಲ.

ಬರುವ ಸೋಮವಾರ ಪ್ರೊಫೆಸರ್ ಮೇಡಂ ದೊಡ್ಡ ಸಭೆಯಲ್ಲಿ ಇದನ್ನು ಹೇಳುತ್ತಾರೆ. ನಿನ್ನ ಹೆಸರು ಎತ್ತಿ ಹೇಳುತ್ತಾರಂತೆ. ಒಮ್ಮೆ ಹೇಳಿ ಆಮೇಲೆ ಅಲ್ಲ ಎಂದರೆ ನಿನ್ನ ಮಾತನ್ನು ಯಾರು ನಂಬುತ್ತಾರೆ? ಆ ದೊಡ್ಡ ಯಂತ್ರದಲ್ಲಿ ನೀನು ತೆಗೆಯುವ ಅಜ್ಜಿಯ ಹರಳಿನ ಚಿತ್ರದಲ್ಲಿ ಬಾಲ ಕಾಣುತ್ತದೆ ಎಂದಿದ್ದೆ, ಆದರೆ ಲೆಕ್ಕ ಮುಗಿಯಲು ತಿಂಗಳು ಬೇಕು ಎಂದೂ ಅಂದಿದ್ದೆ. ನಾನು ನಿನ್ನನ್ನು ಓದಿಸಿದೆ ಎಂದು ಜನ ಹೇಳುತ್ತಾರೆ. ಓದಿಸಿದವನೇ ಓದಿದ್ದರ ಮೇಲೆ ನೀರು ಚೆಲ್ಲಿದೆನಲ್ಲ ಎಂದು ಈ ವಾರವೆಲ್ಲ ಒಳಗೊಳಗೇ ಬೆಂದಿದ್ದೇನೆ. ಪರ ಊರಿಗೆ ಹೋಗಿರುವ ಮೇಡಂ ನಾಡಿದ್ದು ಶನಿವಾರ ಹಿಂದಿರುಗುತ್ತಾರೆ. ಬಾಗಿಲಲ್ಲೇ ನಿಂತು ಅವರಿಗೂ ಹೇಳುತ್ತೇನೆ, ಬೈಯಲಿ. ಆದರೆ ಮೊದಲು ನಿನಗೆ ಗೊತ್ತಾಗಬೇಕು, ಅದೂ ನನ್ನ ಬಾಯಿಂದಲೇ.

ಒಂದು ಮಾತು ಹೇಳಲೇ? ಇಷ್ಟು ಭಯದ ನಡುವೆಯೂ ಆ ಎರಡು ಹನಿ ಕಣ್ಣ ಮುಂದೆಯೇ ಇದೆ. ಅಜ್ಜಿ ಎರಡನ್ನೂ ಒಪ್ಪಿದ್ದರೂ ಒಂದನ್ನೇ ಒಪ್ಪಿದ್ದರೂ ಅವಳು ಅಜ್ಜಿಯೇ. ಅಷ್ಟು ದೂರದಿಂದ ಬಂದವಳು ನಮ್ಮ ಗಾಜಿನಲ್ಲಿ ಕೂತು ಮೊದಲ ದಿನವೇ ಕೆಲಸಕ್ಕೆ ಕೈ ಹಾಕಿದಳು. ಅವಳ ಬಗ್ಗೆ ಸುಳ್ಳು ಹೇಳಿದ ಹಾಗಾಗಬಾರದು ಎಂಬುದೊಂದೇ ನನ್ನ ಸಂಕಟ.

ಮೈ ಬೆಚ್ಚಗಿಟ್ಟುಕೋ. ಕೋಪ ಬಂದರೆ ಪೂರ್ತಿ ಬರಲಿ, ಅರ್ಧ ಒಳಗಿಟ್ಟುಕೊಂಡು ಊಟ ಬಿಡಬೇಡ. ಅತ್ತಿಗೆ ನಿನ್ನನ್ನು ಕೇಳಿದ್ದಾಳೆ, ಸ್ವೆಟರು ಬೇಕೇ ಎಂದಿದ್ದಾಳೆ. ನೀನು ಕೈ ಇಟ್ಟ ಕೆಲಸ ಬೆಳಗಲಿ, ಅಮ್ಮ ಎಲ್ಲಿದ್ದರೂ ನಿನ್ನ ತಲೆ ಸವರುತ್ತಿರುತ್ತಾಳೆ.

ಇತಿ,
ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಒಡೆದಿದ್ದೇನೆ. ಅಕ್ಷರ ಓಡಿದ ಹಾಗಿದ್ದರೆ ಕ್ಷಮಿಸು. ಅಮ್ಮನ ಬಕೆಟ್ಟಿನ ಬಗ್ಗೆ ನಿನಗೆ ಬರೆದವನಿಗೆ ಕೈ ಸುಮ್ಮನಿರಲಿಲ್ಲ. ಫ್ರೀಜರಿನಲ್ಲಿ ಉಳಿದ ನಾಲ್ಕು ಸೀಸೆ ತೆಗೆದು, ಅವಳ ಹಾಗೆ ಕಣ್ಣು ಮುಚ್ಚಿ ಸವರಿದೆ. ಮುಚ್ಚಳದ ಅಂಚಿನ ಕೆಳಗೆ, ಕತ್ತಿನ ಸುತ್ತ, ಉಗುರಿಗೆ ಏನೋ ಸಿಕ್ಕಿತು. ದಾರ! ಬಿಳಿ ದಾರ, ಒಂದೇ ಸುತ್ತು, ಅಮ್ಮನದೇ ಗಂಟು. ನನಗೊಂದು ಮಾತೂ ಹೇಳದೆ ಕಟ್ಟಿದ್ದೀಯಲ್ಲ! ಬಾಲವಿದ್ದ ನಾಲ್ಕಕ್ಕೂ ಕಟ್ಟಿರುತ್ತೀಯ ಎಂದುಕೊಂಡಿದ್ದೇನೆ. ಇಲ್ಲಿರುವ ನಾಲ್ಕರಲ್ಲಿ ಎರಡಕ್ಕೆ ದಾರವಿದೆ. ಆದರೆ ಅದರಲ್ಲೊಂದರ ಮೇಲೆ ‘ಬಾಲವಿಲ್ಲದ್ದು’ ಎಂಬ ಚೀಟಿ ಇದೆ. ಅಂದರೆ ನಾನು ತಪ್ಪಿರುವುದು ನಿಜ.

ಹಾಗಾದರೆ ಮಿಕ್ಕ ಎರಡು ದಾರ ನೀನು ಗುರುವಾರ ಖಾಲಿ ಮಾಡಿದ ಎರಡು ಸೀಸೆ ಮತ್ತು ಜೊತೆಗೆ ಒಯ್ದ ಎರಡು ಸೀಸೆ, ಈ ನಾಲ್ಕರಲ್ಲೇ ಇರಬೇಕು. ಮೇಜಿನ ಮೇಲೆ ಎಂಟು ಗುಂಡಿ ಇಟ್ಟುಕೊಂಡು ನಾಲ್ಕು ಸಲ ಲೆಕ್ಕ ಮಾಡಿದೆ. ನಿನ್ನ ಬಳಿ ಇರುವ ಎರಡರಲ್ಲಿ ಒಂದಕ್ಕೆ ಮಾತ್ರ ದಾರವಿದ್ದರೆ, ಗುರುವಾರದ ಎರಡರಲ್ಲೂ ಒಂದಕ್ಕೇ ಇತ್ತು. ಆಗ ಚೀಟಿ ಅದಲು ಬದಲಾಗಿದ್ದರೂ, ಯಾವುದನ್ನಾದರೂ ತುಸು ಹೆಚ್ಚು ಇಷ್ಟಪಟ್ಟಿದ್ದರೆ ಅದು ತಲೆಕೆಳಗಾದರೂ, ಅಜ್ಜಿ ಎರಡನ್ನೂ ಒಪ್ಪಿದ್ದು ನಿಜ. ನಿನ್ನ ಎರಡಕ್ಕೂ ಇದ್ದರೆ, ಇಲ್ಲವೇ ಎರಡಕ್ಕೂ ಇಲ್ಲದಿದ್ದರೆ, ಅವಳಿಗೆ ನಾವು ಕೊಟ್ಟದ್ದು ಒಂದೇ. ಆಗ ಮೇಡಂ ಸೋಮವಾರ ಬಾಯಿ ತೆಗೆಯುವ ಮೊದಲು ತಡೆಯಬೇಕು.

ಬ್ರಷ್ಷಿಗೆ ಸಿಕ್ಕ ಆ ದಾರ ನೆನಪಿದೆಯಲ್ಲ, ಮೇಲೆ ಬರೆದಿದ್ದೇನೆ. ಅದು ಬಿಳಿ. ನನ್ನ ಸ್ವೆಟರು ಕಂದು. ಅಂದರೆ ಗುರುವಾರದ ಎರಡರಲ್ಲಿ ಒಂದಕ್ಕಾದರೂ ದಾರವಿತ್ತು. ಒಂದು ಸಿಕ್ಕಿದ್ದು ನಿಜ, ಇನ್ನೊಂದೂ ಇದ್ದು ಅದು ತೊಟ್ಟಿಯ ತೂತಿನಲ್ಲಿ ಹೋಯಿತೋ ಏನೋ ಗೊತ್ತಿಲ್ಲ. ಆದ್ದರಿಂದ ಕೈಗವಸು ಕಳಚಿ, ಚೀಟಿ ನೋಡದೆ, ನಿನ್ನ ಎರಡೂ ಸೀಸೆಯ ಮುಚ್ಚಳದ ಕೆಳಗೆ ಉಗುರು ಆಡಿಸು. ಒಂದೇ ದಾರ ಸಿಕ್ಕರೂ ಅಲ್ಲಿಗೇ ನಿಲ್ಲಿಸಬೇಡ, ಇನ್ನೊಂದನ್ನು ಮತ್ತೊಮ್ಮೆ ಸುತ್ತ ಪೂರ್ತಿ ಸವರಿ ನೋಡು.